ಜಾಮ್ ಆದ ಜಾವಾ ಇಂಜಿನ್ ಬಿಚ್ಚಿಸಿದ ಅನುಭವ: ಬಳ್ಳಾರಿ ಕೌಲ್ ಬಜಾರಿನ ಒಂದು ಗ್ಯಾರೇಜು

ಹಳೆಯ ಮೋಟಾರ್‌ಸೈಕಲ್ಲೊಂದನ್ನು ಮತ್ತೆ ಓಡುವ ಸ್ಥಿತಿಗೆ ತರಬೇಕೆಂದು ಹೊರಡುವವರು ಬಣ್ಣ, ಕ್ರೋಮ್, ಸೀಟು ಇವುಗಳ ಖರ್ಚನ್ನು ಮೊದಲು ಲೆಕ್ಕ ಹಾಕುತ್ತಾರೆ. ಇಂಜಿನ್ ಬಿಚ್ಚುವುದೇ ಒಂದು ಪ್ರತ್ಯೇಕ ಕೆಲಸ, ಅದಕ್ಕೆ ಪ್ರತ್ಯೇಕ ಬೆಲೆಯಿದೆ ಎಂಬುದು ಆಗ ಹೊಳೆಯುವುದಿಲ್ಲ. ನನಗೂ ಹೊಳೆದಿರಲಿಲ್ಲ. ಬಳ್ಳಾರಿಯ ಕೌಲ್ ಬಜಾರಿನ ಒಳರಸ್ತೆಯೊಂದರಲ್ಲಿರುವ, ಹೊರಗೆ ಫಲಕವೂ ಇಲ್ಲದ ಒಂದು ಗ್ಯಾರೇಜಿನಲ್ಲಿ ಈ ಬೇಸಿಗೆಯಲ್ಲಿ ನಮ್ಮ ಮನೆಯ ಜಾವಾ ಗಾಡಿಯ ಜಾಮ್ ಆದ ಇಂಜಿನ್ನನ್ನು ಬಿಚ್ಚಿಸಿದೆ. ಈ ಬರಹ ಆ ಬಿಚ್ಚುವ ಕೆಲಸದ ಗುಣದೋಷಗಳಿಗೆ ಮಾತ್ರ ಸಂಬಂಧಿಸಿದ್ದು. ಜೋಡಣೆ ಇನ್ನೂ ಆಗಿಲ್ಲವಾದ್ದರಿಂದ ಅದರ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಗ್ಯಾರೇಜಿನವರು ನನಗೆ ಮೊದಲು ಪರಿಚಯದವರಲ್ಲ, ಕೇಳಿದ ಹಣವನ್ನು ಚೌಕಾಸಿ ಮಾಡದೆ ಕೊಟ್ಟಿದ್ದೇನೆ.

ಗಾಡಿ ನಮ್ಮ ದೊಡ್ಡಪ್ಪನವರದು, 1972ರಲ್ಲಿ ಕೊಂಡದ್ದು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ, ಝೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಡಿ ತಯಾರಾದ 250 ಸಿಸಿಯ ಒಂಟಿ ಸಿಲಿಂಡರಿನ ಟೂ ಸ್ಟ್ರೋಕ್ ಗಾಡಿ ಅದು. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಅದರ ನೋಂದಣಿ ಪುಸ್ತಕದಲ್ಲಿ ರಾಜ್ಯದ ಹೆಸರು ಮೈಸೂರು ಎಂದೂ ಜಿಲ್ಲೆಯ ಹೆಸರು ರಾಯಚೂರು ಎಂದೂ ಇದೆ, ಏಕೆಂದರೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರಿನಲ್ಲಿ, ನಮ್ಮ ಕಾರಟಗಿಯನ್ನು ಸೇರಿಸಿಕೊಂಡ ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ಏರಿಯ ಮೇಲೆ ಭತ್ತದ ವ್ಯವಹಾರಕ್ಕಾಗಿ ಇಪ್ಪತ್ತೈದು ವರ್ಷಗಳಷ್ಟು ಓಡಾಡಿದ ಆ ಗಾಡಿಯನ್ನು ದೊಡ್ಡಪ್ಪನವರು ಒಂದು ದಿನ ರೈಸ್ ಮಿಲ್ಲಿನ ಗೋದಾಮಿನ ಮೂಲೆಯಲ್ಲಿ ನಿಲ್ಲಿಸಿದರು. ಮತ್ತೆ ಯಾರೂ ಅದನ್ನು ತೆಗೆಯಲಿಲ್ಲ. ಭತ್ತದ ಹೊಟ್ಟು ಅದರ ಅರ್ಧ ಚಕ್ರದವರೆಗೆ ಏರಿತ್ತು. ಎರಡು ಸೈಲೆನ್ಸರುಗಳಲ್ಲಿ ಒಂದರಲ್ಲಿ ಇಲಿಗಳು ಗೂಡು ಕಟ್ಟಿದ್ದವು.

ಈ ಗಾಡಿಯಲ್ಲಿ ಗೇರ್ ಹಾಕುವ ಕಡ್ಡಿಯೇ ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ನಾನು ಹಾಗೆ ತಿರುಗಿಸಿ ಕಾಲಿಟ್ಟಾಗ ಅದು ಗೋಡೆಗೆ ಕಾಲಿಟ್ಟ ಹಾಗೆ ನಿಂತಿತು. ಊರಿನಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಇಬ್ಬರು ಸೇರಿ ಕಿಕ್ಕರ್ ಮೇಲೆ ಜಿಗಿಯಿರಿ ಎಂದವರಿದ್ದರು, ಎರಡನೇ ಗೇರಿಗೆ ಹಾಕಿ ಟ್ರ್ಯಾಕ್ಟರಿಗೆ ಕಟ್ಟಿ ಎಳೆಯಿರಿ ಎಂದವರೂ ಇದ್ದರು. ಬೇರೊಂದು ಊರಿನ ಗ್ಯಾರೇಜಿನವರು ಹದಿನೈದು ನೂರು ರೂಪಾಯಿಗೆ ಅರ್ಧ ದಿನದಲ್ಲಿ ಬಿಚ್ಚಿಕೊಡುವುದಾಗಿ ಹೇಳಿ, ಮಾತಿನ ನಡುವೆ ಕೈಗೆ ಮೂರು ಕಿಲೋದ ಸುತ್ತಿಗೆ ತೆಗೆದುಕೊಂಡದ್ದನ್ನು ಕಂಡು ನಾನು ಗಾಡಿಯನ್ನು ವಾಪಸು ತಂದೆ. ಆ ನಿರ್ಧಾರ ಸರಿಯೇ ಎಂಬುದು ಆಗ ಊಹೆಯಾಗಿತ್ತು, ಈಗ ಖಚಿತವಾಗಿದೆ: ಕಿಕ್ಕರ್ ಮೇಲೆ ಬೀಳುವ ಬಲ ಪಿಸ್ಟನ್ನಿಗೆ ತಲುಪುವ ಮೊದಲು ಕಿಕ್ಕರಿನ ಹಲ್ಲು, ಕ್ಲಚ್ಚು, ಪ್ರೈಮರಿ ಚೈನು ಇಷ್ಟನ್ನೂ ದಾಟಬೇಕು, ಮತ್ತು ಜಾಮ್ ಬಿಡುವ ಮೊದಲೇ ಇವುಗಳಲ್ಲಿ ಯಾವುದಾದರೊಂದು ಮುರಿಯುತ್ತದೆ.

ಕಂಪ್ಲಿ ಸೇತುವೆಯ ಮೇಲೆ ನದಿಯ ನೀರು ಹರಿಯುವ ತಿಂಗಳು ಅದಾಗಿರಲಿಲ್ಲವಾದ್ದರಿಂದ ಗಂಗಾವತಿಯಿಂದ ನೇರವಾಗಿ ಟಾಟಾ ಏಸ್‌ನಲ್ಲಿ ಗಾಡಿಯನ್ನು ಹಾಕಿಕೊಂಡು ಬಳ್ಳಾರಿಗೆ ಹೋದೆ. ಗ್ಯಾರೇಜು ಎಂದರೆ ತಗಡಿನ ಮಾಡು, ಹಿಂದೆ ಒಂದು ಸಣ್ಣ ಲೇತ್, ಗೋಡೆಗೆ ಸಾಲಾಗಿ ತೂಗುಹಾಕಿದ ಪುಲ್ಲರುಗಳು, ಎಂದರೆ ಬಿಗಿಯಾಗಿ ಕೂತ ಭಾಗಗಳನ್ನು ಎಳೆದು ತೆಗೆಯುವ ಸಲಕರಣೆಗಳು. ಎಲ್ಲರೂ ಉಸ್ತಾದ್ ಎಂದು ಕರೆಯುವ ಮಾಲೀಕರಿಗೆ ಅರವತ್ತು ದಾಟಿರಬೇಕು. ಅವರು ಗಾಡಿಯನ್ನು ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಇದು ಓಡಾಕತ್ತಾಗ ಹಿಡಿತೋ ಸರ, ಇಲ್ಲಾ ನಿಂತ ನಿಂತ ಹಿಡಿತೋ?" ಆ ಪ್ರಶ್ನೆಯ ತೂಕ ನನಗೆ ಆಗ ತಿಳಿಯಲಿಲ್ಲ. ಓಡುವಾಗ ಬಿಸಿಯೇರಿ ಹಿಡಿದ ಇಂಜಿನ್ನಿನಲ್ಲಿ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಸಿಲಿಂಡರಿನ ಗೋಡೆಗೆ ಮೆತ್ತಿಕೊಂಡಿರುತ್ತದೆ. ಅದಕ್ಕೆ ಎಣ್ಣೆ ಹಾಕಿ ಕಾಯುವುದರಿಂದ ಹೆಚ್ಚಿನ ಲಾಭವಿಲ್ಲ. ನಿಂತಲ್ಲೇ ಹಿಡಿದದ್ದಾದರೆ ಕಾರಣ ತುಕ್ಕು, ಅದಕ್ಕೆ ಮದ್ದು ಎಣ್ಣೆ, ಬಿಸಿ ಮತ್ತು ದಿನಗಳು. ನಾನು ಅಲ್ಲಿಂದಲೇ ದೊಡ್ಡಮ್ಮನವರಿಗೆ ಫೋನ್ ಮಾಡಿ, ಗಾಡಿ ಗೋದಾಮಿಗೆ ತನ್ನ ಕಾಲಮೇಲೆಯೇ ಬಂದಿತ್ತೆಂದು ಖಚಿತಪಡಿಸಿಕೊಂಡು ಹೇಳಿದೆ. "ಹಂಗಾದ್ರ ಬದುಕ್ತೈತಿ, ಅವಸರ ಮಾಡಬ್ಯಾಡ್ರಿ" ಎಂದರು ಉಸ್ತಾದ್.

ಅನಂತರ ಅವರು ಮಾಡಿದ್ದು ನಾನು ನಿರೀಕ್ಷಿಸದ ಕೆಲಸ. ಜಾಮ್ ಆಗಿರುವುದು ಪಿಸ್ಟನ್ನೇ ಎಂದು ನಾವೆಲ್ಲರೂ ನಂಬಿದ್ದೆವು, ಅವರು ನಂಬಲಿಲ್ಲ. ಜಾವಾದಲ್ಲಿ ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ಸುತ್ತುವ ಚಲನೆಯಾಗಿಸುವ ಕ್ರ್ಯಾಂಕು, ಕ್ಲಚ್ಚು, ನಾಲ್ಕು ಗೇರುಗಳ ಪೆಟ್ಟಿಗೆ ಎಲ್ಲವೂ ಒಂದೇ ಅಲ್ಯೂಮಿನಿಯಂ ಕವಚದೊಳಗೆ ಇರುವುದರಿಂದ ಕಿಕ್ಕರ್ ತಿರುಗದಿರಲು ಇವುಗಳಲ್ಲಿ ಯಾವುದು ಬೇಕಾದರೂ ಕಾರಣವಾಗಬಹುದು. ಮೊದಲು ಇಡೀ ಇಂಜಿನ್ನನ್ನು ಹೊರಗಿನಿಂದ ಬ್ರಶ್ ಮತ್ತು ಚಿಮಣಿ ಎಣ್ಣೆಯಿಂದ ತೊಳೆಯಿಸಿ, ಒಣಗಿಸಿ, ಎಡಗಡೆಯ ಮುಚ್ಚಳ ತೆಗೆದು ಕ್ಲಚ್ಚಿನ ತಟ್ಟೆಗಳನ್ನು ಬಿಡಿಸಿ, ಗೇರ್ ಪೆಟ್ಟಿಗೆಯ ಶಾಫ್ಟನ್ನು ಬೆರಳಿನಿಂದ ತಿರುಗಿಸಿ ನೋಡಿದರು. ಅದು ತಿರುಗಿತು. ಬಲಗಡೆಯ ಡೈನಮೊ ಮುಚ್ಚಳ ತೆಗೆದು ಕ್ರ್ಯಾಂಕಿನ ತುದಿಯ ಬೋಲ್ಟಿಗೆ ಪಾನಾ ಹಾಕಿ ಹಿಂದೆ ಮುಂದೆ ಅಲುಗಿಸಿದಾಗ ಕೂದಲೆಳೆಯಷ್ಟು ಸಡಿಲ ಕಂಡಿತು. ಎಂದರೆ ಕ್ರ್ಯಾಂಕಿನ ಬೇರಿಂಗುಗಳು ಪೂರ್ತಿಯಾಗಿ ಹಿಡಿದಿಲ್ಲ, ಹಿಡಿದಿರುವುದು ಪಿಸ್ಟನ್ನು ಮಾತ್ರ. ಈ ಪರೀಕ್ಷೆಗೆ ಒಂದು ಮಧ್ಯಾಹ್ನ ಹಿಡಿಯಿತು. ಅವಸರದ ಗ್ಯಾರೇಜಿನಲ್ಲಿ ಇದೇ ಹೊತ್ತಿಗೆ ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ ತೆಗೆದು ಹೊಡೆಯಲು ಶುರುಮಾಡಿರುತ್ತಿದ್ದರು, ಮತ್ತು ದೋಷ ಬೇರೆಡೆ ಇದ್ದಿದ್ದರೆ ಚೆನ್ನಾಗಿದ್ದ ಪಿಸ್ಟನ್ನನ್ನೂ ಕಳೆದುಕೊಳ್ಳುತ್ತಿದ್ದೆವು.

ಪ್ಲಗ್ ತೂತಿನಿಂದಲೂ ಸೈಲೆನ್ಸರ್ ಕೊಳವೆ ಕೂಡುವ ಬಾಯಿಯಿಂದಲೂ ಟಾರ್ಚ್ ಬಿಟ್ಟು ನೋಡಿದಾಗ ಪಿಸ್ಟನ್ನು ಎಲ್ಲಿ ನಿಂತಿದೆ ಎಂಬುದು ತಿಳಿಯಿತು. ಹೊಗೆ ಹೊರಹೋಗುವ ಪೋರ್ಟು ಉಗುರಿನಗಲದಷ್ಟು ತೆರೆದಿತ್ತು. ಪೆಟ್ರೋಲು ಬೆರೆತ ಗಾಳಿಯನ್ನು ಸಿಲಿಂಡರಿಗೆ ತರುವ ಅಕ್ಕಪಕ್ಕದ ಟ್ರಾನ್ಸ್‌ಫರ್ ಪೋರ್ಟುಗಳು ಮುಚ್ಚಿದ್ದವು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ವಾಲ್ವುಗಳಿಲ್ಲ, ಪಿಸ್ಟನ್ನೇ ಮೇಲೆ ಕೆಳಗೆ ಹೋಗುತ್ತ ಈ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಆದ್ದರಿಂದ ಗಾಡಿ ಕೊನೆಯ ಸಲ ನಿಂತಾಗ ಪಿಸ್ಟನ್ನು ಎಲ್ಲಿ ನಿಂತಿತೋ ಅದರ ಮೇಲೆ ಅದರ ಭವಿಷ್ಯ ನಿಂತಿರುತ್ತದೆ. ನಮ್ಮದು ಆ ಉಗುರಿನಗಲದ ಸಂದಿನಿಂದ ಇಷ್ಟು ವರ್ಷ ಗೋದಾಮಿನ ತೇವವನ್ನೆಲ್ಲ ಕುಡಿದಿತ್ತು. ಜೊತೆಗೆ ಈ ಬಗೆಯ ಇಂಜಿನ್ನಿನ ಕ್ರ್ಯಾಂಕು ಎಣ್ಣೆಯ ತೊಟ್ಟಿಯಲ್ಲಿ ಮುಳುಗಿರುವುದಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯ ತೆಳು ಲೇಪವೊಂದೇ ಅದಕ್ಕೆ ರಕ್ಷಣೆ, ಅದೂ ಕೆಲವು ವರ್ಷಗಳಲ್ಲಿ ಅಂಟಾಗಿ ಒಣಗುತ್ತದೆ.

ಇಂಜಿನ್ನನ್ನು ಚಾಸಿಯಿಂದ ಇಳಿಸಿ ಹಳೆಯ ಲಾರಿ ಟಯರೊಂದರ ಒಳಗೆ, ಹಿಂದಕ್ಕೆ ವಾಲುವಂತೆ ಕೂರಿಸಿದರು. ಇದರ ಉದ್ದೇಶ ಸರಳವಾದರೂ ನನಗೆ ಬಹಳ ಮೆಚ್ಚುಗೆಯಾಯಿತು: ನೆಟ್ಟಗೆ ಇಟ್ಟರೆ ಪ್ಲಗ್ ತೂತಿನಿಂದ ಹಾಕಿದ ಎಣ್ಣೆ ತೆರೆದ ಪೋರ್ಟಿನಿಂದ ಮುಂದಕ್ಕೆ ಸೋರಿ ಹೋಗುತ್ತದೆ, ಹಿಂದಕ್ಕೆ ವಾಲಿಸಿದರೆ ಪಿಸ್ಟನ್ನಿನ ಅಂಚಿನಲ್ಲಿ ನಿಲ್ಲುತ್ತದೆ. ಡೀಸೆಲ್ಲಿಗೆ ಪವರ್ ಸ್ಟೀರಿಂಗಿನಲ್ಲಿ ಬಳಸುವ ಕೆಂಪು ಎಣ್ಣೆಯನ್ನು ಬೆರೆಸಿ ಹಾಕಿದರು. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ತುಕ್ಕು ಬಿಡಿಸುವ ಸ್ಪ್ರೇಯನ್ನು ನಾನೇ ಎರಡು ತಂದುಕೊಟ್ಟಿದ್ದೆ. ಅದನ್ನು ಹೊರಗಿನ ನಟ್ಟು ಸ್ಕ್ರೂಗಳಿಗೆ ಮಾತ್ರ ಬಳಸಿ, ಒಳಗಿನ ಕೆಲಸಕ್ಕೆ ಅದು ಬೇಗ ಆರಿಹೋಗುತ್ತದೆಂದು ಒಂದು ಡಬ್ಬಿಯನ್ನು ತೆರೆಯದೆಯೇ ಹಿಂದಿರುಗಿಸಿದರು. ತೆರೆಯದ ಡಬ್ಬಿ ಹಿಂದಿರುಗಿಸುವ ಗ್ಯಾರೇಜನ್ನು ನಾನು ಇದೇ ಮೊದಲು ಕಂಡದ್ದು.

ಪ್ಲಗ್ ತೂತಿಗೆ ಗ್ರೀಸ್ ಗನ್ ಜೋಡಿಸಿ, ಗ್ರೀಸಿನ ಒತ್ತಡದಿಂದ ಪಿಸ್ಟನ್ನನ್ನು ಕೆಳಗೆ ತಳ್ಳುವ ವಿಧಾನವನ್ನು ನಾನು ಕೇಳಿದ್ದೆ, ಅದನ್ನೇಕೆ ಮಾಡಬಾರದು ಎಂದು ವಿಚಾರಿಸಿದೆ. ಪೋರ್ಟು ತೆರೆದಿರುವಾಗ ಗ್ರೀಸು ಅಲ್ಲಿಂದ ಹೊರಬರುತ್ತದೆಯೇ ಹೊರತು ಒತ್ತಡ ಏಳುವುದಿಲ್ಲ ಎಂದು ಉಸ್ತಾದ್ ನಕ್ಕರು. ಆ ವಿಧಾನ ನಡೆಯುವುದು ಮೇಲಿನ ಕೋಣೆ ಪೂರ್ತಿ ಮುಚ್ಚಿರುವಾಗ ಮಾತ್ರ. ಗಿರಾಕಿಯ ಅರೆ ತಿಳಿವಳಿಕೆಯ ಪ್ರಶ್ನೆಗೆ ಕೈ ಒರೆಸಿಕೊಂಡು ಕೂತು ಉತ್ತರಿಸುವ ವ್ಯವಧಾನ ಅವರಿಗಿತ್ತು. ಆದರೆ ಅದು ಬೆಳಿಗ್ಗೆ ಹನ್ನೊಂದರ ಒಳಗೆ ಮಾತ್ರ. ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಯಾರ ವ್ಯವಧಾನವೂ ಉಳಿಯುವುದಿಲ್ಲ.

ನಾಲ್ಕು ದಿನ ಕಳೆದ ಮೇಲೆ ಹೆಡ್ಡಿನ ನಾಲ್ಕು ನಟ್ಟುಗಳನ್ನು ಕರ್ಣರೇಖೆಯಲ್ಲಿ, ಒಂದೊಂದನ್ನೂ ಕಾಲು ಸುತ್ತಿನಷ್ಟೇ ಸಡಿಲಿಸುತ್ತ ತೆಗೆದರು. ಒಂದೇ ಕಡೆಯಿಂದ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ಡು ಬಾಗುತ್ತದೆ. ಹೆಡ್ಡಿನ ಕೆಳಗೆ ಕಂಡ ದೃಶ್ಯ ಅಷ್ಟೇನೂ ಚೆನ್ನಾಗಿರಲಿಲ್ಲ. ಪಿಸ್ಟನ್ನಿನ ತಲೆಯ ಮೇಲೆ ಕಾವಿಮಣ್ಣಿನ ಬಣ್ಣದ ಕೆಸರು, ಸಿಲಿಂಡರಿನ ಗೋಡೆಯಲ್ಲಿ ಪೋರ್ಟಿನ ಸುತ್ತ ತುಕ್ಕಿನ ಉಂಗುರ. ಸಿಲಿಂಡರು ಬೀಡುಕಬ್ಬಿಣದ್ದು, ಪಿಸ್ಟನ್ನು ಅಲ್ಯೂಮಿನಿಯಂನದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ, ಹಾಗಾಗಿ ಸಂದು ತುಂಬಿ ಪಿಸ್ಟನ್ನನ್ನು ಸುತ್ತಲಿಂದಲೂ ಹಿಂಡುತ್ತದೆ.

ಇಲ್ಲಿಂದ ಮುಂದಿನದೇ ಈ ಗ್ಯಾರೇಜಿನ ನಿಜವಾದ ಕೌಶಲ. ಹೆಡ್ಡನ್ನು ಹಿಡಿದಿದ್ದ ನಾಲ್ಕು ಸ್ಟಡ್ಡುಗಳಿಗೇ ದಪ್ಪ ಕಬ್ಬಿಣದ ತಟ್ಟೆಯೊಂದನ್ನು ಅಡ್ಡವಾಗಿ ಕೂರಿಸಿ, ಅದರ ನಡುವೆ ಸಣ್ಣ ಹಲ್ಲಿನ ಒಂದು ಬೋಲ್ಟು ಇಳಿಸಿ, ಪಿಸ್ಟನ್ನಿನ ತಲೆಯ ಗುಂಡಗಿನ ಆಕಾರಕ್ಕೆ ಸರಿಯಾಗಿ ಲೇತಿನಲ್ಲಿ ಕಡೆದ ಜಾಲಿ ಮರದ ಗಟ್ಟಿಯ ಮೇಲೆ ಆ ಬೋಲ್ಟನ್ನು ಬಿಗಿಸಿದರು. ಸುತ್ತಿಗೆಯ ಏಟು ಒಂದು ಕ್ಷಣ ಬಂದು ಹೋಗುತ್ತದೆ, ಪಿಸ್ಟನ್ನಿನ ತಲೆಗೆ ತೂತು ಮಾಡಬಲ್ಲದು, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕೆಳಗಿನ ರಾಡನ್ನು ಬಗ್ಗಿಸಬಲ್ಲದು. ಬೋಲ್ಟಿನ ಒತ್ತಡವಾದರೋ ರಾತ್ರಿಯೂ ಕೆಲಸ ಮಾಡುತ್ತಿರುತ್ತದೆ. ದಿನಕ್ಕೆ ಎರಡು ಸಲ, ಕಾಲು ಸುತ್ತಿಗಿಂತ ಹೆಚ್ಚು ಬಿಗಿಸಬಾರದೆಂದು ಹುಡುಗರಿಗೆ ಹೇಳಿದ್ದರು. ಬಿಗಿಸುವ ಮೊದಲು ಪ್ರತಿ ಸಲವೂ ಕ್ರ್ಯಾಂಕಿನ ತುದಿಯನ್ನು ಅಲುಗಿಸಿ, ಅದು ಒಪ್ಪುವ ದಿಕ್ಕಿಗೆ ಸಣ್ಣದಾಗಿ ತುಯ್ಯುತ್ತಿದ್ದರು.

ಬಿಸಿ ಕೊಡುವುದರಲ್ಲಿಯೂ ಒಂದು ಲೆಕ್ಕವಿದೆ. ಅಲ್ಯೂಮಿನಿಯಂ ಬಿಸಿಯಾದಾಗ ಬೀಡುಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಆದ್ದರಿಂದ ಇಡೀ ಇಂಜಿನ್ನನ್ನು ಕಾಯಿಸಿದ ಆ ಹೊತ್ತಿಗೆ ಪಿಸ್ಟನ್ನು ಇನ್ನಷ್ಟು ಬಿಗಿಯಾಗುತ್ತದೆ, ಅದು ಬಿಡುವುದು ಆರುವಾಗ. ಎಣ್ಣೆಯನ್ನು ಪೂರ್ತಿ ಬಸಿದು, ಒರೆಸಿ, ಸಿಲಿಂಡರಿನ ಹೊರಗಿನ ರೆಕ್ಕೆಗಳಿಗೆ ಗ್ಯಾಸ್ ಟಾರ್ಚಿನ ಉರಿಯನ್ನು ಸುತ್ತಲೂ ಸಮನಾಗಿ ಆಡಿಸಿ, ತಾನಾಗಿ ಆರಲು ಬಿಟ್ಟು, ಕೈ ಮುಟ್ಟುವಷ್ಟು ಆದಾಗ ಮತ್ತೆ ಎಣ್ಣೆ ತುಂಬುತ್ತಿದ್ದರು. ಆರುವಾಗ ಪಿಸ್ಟನ್ನು ಕುಗ್ಗಿ ಬಿಟ್ಟ ಸಂದಿಗೆ ಎಣ್ಣೆ ಇಳಿಯುತ್ತದೆ. ಬೇಗ ಆರಲೆಂದು ನೀರು ಸುರಿದರೆ ಬೀಡುಕಬ್ಬಿಣ ಸೀಳುತ್ತದೆ. ಹೊಸ ಹುಡುಗನೊಬ್ಬ ಬಕೆಟ್ಟು ಹಿಡಿದು ಬಂದದ್ದಕ್ಕೆ ಉಸ್ತಾದರಿಂದ ಬೈಸಿಕೊಂಡ. ಉರಿ ಹಚ್ಚುವ ಮೊದಲು ಡೀಸೆಲ್ಲಿನ ಡಬ್ಬಿಯನ್ನು ರಸ್ತೆಯ ಆಚೆಗೆ ಇಟ್ಟುಬರುವ ಶಿಸ್ತನ್ನು ಅವರು ಒಂದು ದಿನವೂ ತಪ್ಪಿಸಲಿಲ್ಲ.

ಹೀಗೆ ಐದು ಸಲ ಕಾಯಿಸಿ ಆರಿಸಿದ ಮೇಲೆ, ಎಣ್ಣೆ ಹಾಕಲು ಶುರುಮಾಡಿದ ಹತ್ತನೆಯ ದಿನ, ನಾನು ಅಲ್ಲಿ ಕೂತಿದ್ದಾಗಲೇ ಟಕ್ ಎಂದು ಒಣ ಕಡ್ಡಿ ಮುರಿದಂತಹ ಸದ್ದಾಯಿತು. ಯಾರೂ ಕೂಗಾಡಲಿಲ್ಲ. ಉಸ್ತಾದ್ ಬೋಲ್ಟನ್ನು ಅರ್ಧ ಸುತ್ತು ಹಿಂದಕ್ಕೆ ತೆಗೆದು, ಕ್ರ್ಯಾಂಕನ್ನು ಹಿಂದಕ್ಕೆ ತುಯ್ದು, ಮತ್ತೆ ಮುಂದಕ್ಕೆ ತುಯ್ದು, ಎರಡು ಮಿಲಿಮೀಟರು, ನಾಲ್ಕು ಮಿಲಿಮೀಟರು ಎಂದು ಜಾಗ ಮಾಡುತ್ತ, ನಡುನಡುವೆ ಮೇಲಿನ ತುಕ್ಕನ್ನು ಸಣ್ಣ ಮರಳು ಕಾಗದದಿಂದ ಒರೆಸುತ್ತ, ಒಂದು ಗಂಟೆಯ ನಂತರ ಪಿಸ್ಟನ್ನನ್ನು ಕೆಳಗಿಳಿಸಿದರು. ಬಿಟ್ಟಿತೆಂದು ಒಂದೇ ಸಮನೆ ಎಳೆದಿದ್ದರೆ ತುಕ್ಕಿನ ದಂಡೆಗೆ ಪಿಸ್ಟನ್ನಿನ ಸುತ್ತಲಿನ ರಿಂಗು ಸಿಕ್ಕಿ, ಅದು ಕೂರುವ ತೋಡೇ ಒಡೆಯುತ್ತಿತ್ತು.

ಸಿಲಿಂಡರು ಮೇಲೆ ಬಂದ ಕೂಡಲೆ ಕ್ರ್ಯಾಂಕಿನ ಬಾಯಿಗೆ ಬಟ್ಟೆ ತುರುಕಿದರು, ಪಿಸ್ಟನ್ ಪಿನ್ನಿನ ಲಾಕ್ ಸಿಡಿದು ಒಳಗೆ ಬೀಳಬಾರದೆಂದು. ಬಳ್ಳಾರಿಯಲ್ಲಿ ಗ್ಯಾರೇಜಿನ ಒರೆಸುವ ಬಟ್ಟೆ ಎಂದರೆ ಜೀನ್ಸ್ ಯೂನಿಟ್ಟುಗಳ ಕತ್ತರಿ ಚೂರುಗಳು. ಊರಿನಲ್ಲಿ ಅಷ್ಟು ಜೀನ್ಸ್ ಹೊಲಿಗೆ ನಡೆಯುವುದರಿಂದ ಅವಕ್ಕೆ ಕೊರತೆಯಿಲ್ಲ. ಗಟ್ಟಿ ಬಟ್ಟೆ, ಹೊರಗಿನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಬೇಡ; ಆದರೆ ಅದರ ಅಂಚಿನಿಂದ ನೀಲಿ ನೂಲು ಉದುರುತ್ತದೆ, ಬೇರಿಂಗಿನ ಹತ್ತಿರ ಅದು ಸಲ್ಲದು. ಒಳಗಿನ ಕೆಲಸಕ್ಕೆ ಹಳೆಯ ಬನಿಯನ್ನು ಬಳಸಬೇಕೆಂದು ಉಸ್ತಾದರ ಕಟ್ಟಳೆ. ಹುಡುಗರು ಅದನ್ನು ಯಾವಾಗಲೂ ಪಾಲಿಸುತ್ತಿರಲಿಲ್ಲ, ನಾನೇ ಎರಡು ಸಲ ಕ್ರ್ಯಾಂಕಿನ ಬಳಿಯಿಂದ ನೀಲಿ ಎಳೆಗಳನ್ನು ಚಿಮಟದಿಂದ ತೆಗೆದೆ. ಪಿನ್ನನ್ನು ಹೊಡೆಯದೆ, ಕುದಿವ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಪಿಸ್ಟನ್ನಿಗೆ ಸುತ್ತಿ, ಸಣ್ಣ ಪುಲ್ಲರಿನಿಂದ ಎಳೆದು ತೆಗೆದರು.

ಕೆಳಗಿನ ಕವಚವನ್ನು ಎರಡು ಹೋಳು ಮಾಡುವ ಹಂತದಲ್ಲಿ ಇನ್ನೊಂದು ಒಳ್ಳೆಯ ಪದ್ಧತಿಯನ್ನು ಕಂಡೆ. ಗ್ಲೂಕೋಸ್ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ, ಅದರ ಮೇಲೆ ಕವಚದ ಆಕಾರವನ್ನು ಪೆನ್ಸಿಲ್ಲಿನಲ್ಲಿ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ರಟ್ಟಿನಲ್ಲಿ ಅದೇ ಜಾಗಕ್ಕೆ ಚುಚ್ಚಿ ಇಡುತ್ತಿದ್ದರು. ಈ ಸ್ಕ್ರೂಗಳ ಉದ್ದ ಒಂದೇ ಅಲ್ಲ. ಗಿಡ್ಡದರ ಜಾಗಕ್ಕೆ ಉದ್ದದ್ದು ಹೋದರೆ ಅಲ್ಯೂಮಿನಿಯಂ ಒಡೆಯುತ್ತದೆ. ಹಳೆಯ ಸ್ಕ್ರೂಗಳ ತಲೆಯ ಸೀಳುಗಳು ಸವೆದಿದ್ದರಿಂದ ಏಟು ಕೊಟ್ಟರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬಳಸಿದರು, ಆದರೂ ಎರಡರ ತಲೆ ಹಾರಿತು. ಅವನ್ನು ಡ್ರಿಲ್ ಮಾಡಿ ತೆಗೆದರು. ಡೈನಮೊದ ಆರ್ಮೇಚರನ್ನೂ ಕ್ಲಚ್ಚಿನ ಹಬ್ಬನ್ನೂ ಅವುಗಳದೇ ಆದ ಪುಲ್ಲರಿನಿಂದ ತೆಗೆದ ಮೇಲೆ, ಬೇರಿಂಗ್ ಕೂತ ಜಾಗದ ಸುತ್ತ ಕವಚವನ್ನು ನೀರಿನ ಹನಿ ಚುಂಯ್ ಎನ್ನುವಷ್ಟು ಬಿಸಿ ಮಾಡಿ, ಮರದ ಸುತ್ತಿಗೆಯಿಂದ ತಟ್ಟಿ ಬಿಡಿಸಿದರು. ಎರಡು ಹೋಳುಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಎತ್ತುವುದು ಬಹಳ ಕಡೆ ನಡೆಯುವ ತಪ್ಪು. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕಿನ ಕೋಣೆ ಗಾಳಿ ಸೋರದಂತಿರಬೇಕು. ಆ ಅಂಚಿನಲ್ಲಿ ಒಂದು ಗೀರು ಬಿದ್ದರೆ ಜೋಡಿಸಿದ ಮೇಲೆ ಇಂಜಿನ್ನು ಗಾಳಿ ಎಳೆದು, ಪೆಟ್ರೋಲು ತೆಳುವಾಗಿ, ಈ ಸಲ ಓಡುವಾಗಲೇ ಹಿಡಿಯುತ್ತದೆ.

ಬಿಚ್ಚಿದ ಮೇಲೆ ಸಿಕ್ಕ ವರದಿ ಹೀಗಿದೆ. ಸಿಲಿಂಡರಿನ ಮೂಲ ಅಳತೆ 65 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು. ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಪ್ರತಿಯೊಂದು ಕಡೆಯೂ ಎರಡು ದಿಕ್ಕಿನಲ್ಲಿ ಅಳೆದಾಗ ನಮ್ಮದು ಈಗಾಗಲೇ 65.50ಕ್ಕೆ ಬೋರಿಂಗ್ ಆಗಿದ್ದುದು, ಎಂದರೆ ಒಳಗೋಡೆ ಕೊರೆದು ಅಗಲಿಸಿದ್ದುದು ತಿಳಿಯಿತು. ದೊಡ್ಡಪ್ಪನವರು ಅದನ್ನು ಯಾರಿಗೂ ಹೇಳಿರಲಿಲ್ಲ. ಪೋರ್ಟಿನ ಮೇಲ್ಭಾಗದ ತುಕ್ಕಿನ ಗುಳಿಗಳು ಮುಂದಿನ ಕಾಲು ಮಿಲಿಮೀಟರಿನಲ್ಲಿ ಹೋಗುವಷ್ಟು ಮೇಲ್ಮೇಲಿನವಲ್ಲ, 66ಕ್ಕೆ ಹೋಗಬೇಕಾಗಬಹುದು. ಪಿಸ್ಟನ್ನು ಮತ್ತೆ ಬಳಸಲು ಬರುವುದಿಲ್ಲ. ರಾಡಿನ ಕೆಳಗಿನ ತುದಿಯ ರೋಲರುಗಳಲ್ಲಿ ಚುಕ್ಕೆ ತುಕ್ಕಿದೆ, ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ ಹೊಸ ಪಿನ್ನು ಮತ್ತು ರಾಡಿನ ಕಿಟ್ಟು ಹಾಕಬೇಕು. ಆಯಿಲ್ ಸೀಲುಗಳು ಒಣಗಿದ ಹುಣಸೆ ತೊಗಟೆಯಂತೆ ಮುರಿದವು. ಗೇರುಗಳು ಮಾತ್ರ ತಮ್ಮ ಎಣ್ಣೆಯಲ್ಲೇ ಮುಳುಗಿದ್ದರಿಂದ ಹೊಸದರಂತೆ ಹೊಳೆಯುತ್ತಿದ್ದವು. ಪ್ರತಿಯೊಂದು ಭಾಗವನ್ನೂ ನನ್ನ ಮುಂದೆ ಇಟ್ಟು, ಬೆರಳಿಟ್ಟು ತೋರಿಸಿ, ಯಾವುದು ಬೇಕೇ ಬೇಕು, ಯಾವುದು ನಡೆಯುತ್ತದೆ ಎಂದು ಬೇರೆ ಮಾಡಿದರು. ಹೊಸ ಭಾಗಗಳನ್ನು ತಮ್ಮಲ್ಲೇ ಕೊಳ್ಳಬೇಕೆಂಬ ಒತ್ತಾಯವಿರಲಿಲ್ಲ. 2018ರಿಂದ ಮಾರುಕಟ್ಟೆಯಲ್ಲಿರುವ ಹೊಸ ಜಾವಾ ಫೋರ್ ಸ್ಟ್ರೋಕ್ ಗಾಡಿ, ಅದರ ಇಂಜಿನ್ನಿನ ಯಾವ ಭಾಗವೂ ಇದಕ್ಕೆ ಹೊಂದದೆಂಬ ಎಚ್ಚರಿಕೆಯನ್ನೂ ಕೊಟ್ಟರು, ಬಹುಶಃ ಮೊದಲು ಯಾರೋ ತಂದುಕೊಟ್ಟು ಪೇಚಾಡಿರಬೇಕು.

ಇನ್ನು ದೂರುಗಳು. ಹತ್ತು ದಿನ ಎಂದು ಹೇಳಿದ ಕೆಲಸ ಇಪ್ಪತ್ಮೂರು ದಿನಕ್ಕೆ ಮುಗಿಯಿತು. ಜಾಮ್ ಬಿಡಲು ಹತ್ತು ದಿನ ಬೇಕಾದದ್ದಕ್ಕೆ ನನ್ನ ತಕರಾರಿಲ್ಲ. ಬಿಟ್ಟ ಮೇಲೆ ಒಂದು ವಾರ ಇಂಜಿನ್ನು ಟಯರಿನಲ್ಲಿ ಸುಮ್ಮನೆ ಕೂತಿದ್ದುದಕ್ಕೆ ಇದೆ. ಮದುವೆಯ ಸೀಜನ್ನಿನಲ್ಲಿ ಬುಲೆಟ್ ಗಾಡಿಗಳ ಕೆಲಸಗಳು ಮೇಲೆ ಬಿದ್ದವೆಂಬುದು ಕಾರಣ, ಆದರೆ ಆ ಮಾತನ್ನು ಫೋನಿನಲ್ಲಿ ಹೇಳಿದ್ದರೆ ನಾನು ಕಾರಟಗಿಯಿಂದ ಎರಡು ಸಲ ವ್ಯರ್ಥವಾಗಿ ಹೋಗಿಬರುವುದು ತಪ್ಪುತ್ತಿತ್ತು. ಫೋನನ್ನು ಅವರು ಎತ್ತುವುದೇ ಅಪರೂಪ. ಎರಡನೆಯದಾಗಿ, ತೊಳೆಯುವಾಗ ಹುಡುಗನ ಕೈಜಾರಿ ಸಿಲಿಂಡರಿನ ಒಂದು ರೆಕ್ಕೆಯ ಮೂಲೆ ಮುರಿಯಿತು. ಮುಚ್ಚಿಡದೆ ತಾವಾಗಿ ತೋರಿಸಿ, ಹಿತ್ತಾಳೆ ಬೆಸುಗೆ ಹಾಕಿಸಿಕೊಟ್ಟು ಅದಕ್ಕೆ ಹಣ ಪಡೆಯಲಿಲ್ಲ, ಸರಿ. ಬೆಸುಗೆಯ ಗುರುತು ಮಾತ್ರ ಉಳಿದಿದೆ. ಮೂರನೆಯದು ನನಗೆ ಹೆಚ್ಚು ನೋವಾದದ್ದು: ಹೆಡ್ಡಿನ ಮತ್ತು ಸಿಲಿಂಡರಿನ ಬುಡದ ಸಂದು ಮುಚ್ಚುವ ತೆಳು ಹಾಳೆಗಳಾದ ಹಳೆಯ ಗ್ಯಾಸ್ಕೆಟ್ಟುಗಳನ್ನು ಕೆರೆದು ಎಸೆದುಬಿಟ್ಟಿದ್ದರು. ಬುಡದ ಗ್ಯಾಸ್ಕೆಟ್ಟಿನ ದಪ್ಪ ಬದಲಾದರೆ ಪೋರ್ಟುಗಳು ತೆರೆಯುವ ಹೊತ್ತೂ ಬದಲಾಗುತ್ತದೆ. ಹಳೆಯದನ್ನು ಅಳೆದು ಬರೆದಿಟ್ಟಿದ್ದರೆ ಜೋಡಿಸುವಾಗ ಊಹೆ ಬೇಕಿರಲಿಲ್ಲ. ಸ್ಕ್ರೂಗಳಿಗೆ ರಟ್ಟಿನ ನಕ್ಷೆ ಬರೆಯುವವರು ಗ್ಯಾಸ್ಕೆಟ್ಟನ್ನು ಕಸವೆಂದು ಎಣಿಸಿದ್ದು ನನಗೆ ಇನ್ನೂ ಅರ್ಥವಾಗಿಲ್ಲ.

ಬಿಚ್ಚುವ ಕೂಲಿ ಆರು ಸಾವಿರ ರೂಪಾಯಿ, ಎಣ್ಣೆ, ಗ್ಯಾಸು, ಮರದ ಗಟ್ಟಿ ಕಡೆದದ್ದು ಸೇರಿ ಇನ್ನು ಒಂಬೈನೂರು. ಮುರಿದ ಸ್ಕ್ರೂಗಳನ್ನು ತೆಗೆದದ್ದಕ್ಕೆ ಬೇರೆ ಕೇಳಲಿಲ್ಲ. ಮುದ್ರಿತ ರಸೀದಿ ಇಲ್ಲ, ಕೇಳಿದ್ದಕ್ಕೆ ಡೈರಿಯ ಹಾಳೆಯ ಮೇಲೆ ಬರೆದುಕೊಟ್ಟರು. ಹದಿನೈದು ನೂರಕ್ಕೆ ಹೋಲಿಸಿದರೆ ಇದು ನಾಲ್ಕು ಪಟ್ಟಿಗೂ ಹೆಚ್ಚು. ಆದರೆ ಆ ಅಗ್ಗದ ಕೆಲಸದಲ್ಲಿ ಕವಚ ಒಡೆದಿದ್ದರೆ ಹಣದಿಂದ ಅದನ್ನು ತುಂಬಲಾಗುತ್ತಿರಲಿಲ್ಲ. ಇಂಜಿನ್ ನಂಬರು ಕೊರೆದಿರುವುದು ಆ ಕವಚದ ಮೇಲೆಯೇ. 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಇಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಿಕೊಳ್ಳಬಹುದು, ನಂಬರಿನಲ್ಲಿ ವಿಎ ಅಕ್ಷರಗಳು ಬರುತ್ತವೆ. ನಮ್ಮ ಗಾಡಿ ಆ ಸಾಲಿಗೆ ಸೇರಬೇಕಾದರೆ ಹಳೆಯ ಕವಚವೇ ಉಳಿಯಬೇಕಿತ್ತು. ಅದು ಒಂದು ಗೀರೂ ಇಲ್ಲದೆ ಉಳಿದಿದೆ.

ಹೋಗಬೇಕೆನ್ನುವವರು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ನಡುವೆ ಹೋಗುವುದು ಒಳ್ಳೆಯದು. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಗಾಡಿ ಹೇಗೆ ನಿಂತಿತೆಂಬ ಕತೆಯನ್ನು ಮನೆಯಲ್ಲಿ ಕೇಳಿ ತಿಳಿದುಕೊಂಡು ಹೋಗಿ, ಗ್ಯಾಸ್ಕೆಟ್ಟು ಎಸೆಯಬೇಡಿ ಎಂದು ಮೊದಲೇ ಹೇಳಿ, ಒಂದೆರಡು ಹಳೆಯ ಬನಿಯನ್ನು ಜೊತೆಗೆ ಒಯ್ಯಿರಿ. ವಾರದೊಳಗೆ ಬೇಕೆನ್ನುವವರಿಗೆ ಈ ಗ್ಯಾರೇಜು ಹೊಂದುವುದಿಲ್ಲ. ಬೋರಿಂಗ್ ಮತ್ತು ಜೋಡಣೆಯನ್ನೂ ನಾನು ಅವರಿಗೇ ಒಪ್ಪಿಸಿದ್ದೇನೆ. ರಾಡಿನ ಕಿಟ್ಟು ಬಂದ ಮೇಲೆ ಇಂಜಿನ್ನು ಮತ್ತೆ ಕಂಪ್ಲಿ ದಾರಿಯಲ್ಲಿ ಹೋಗಲಿದೆ, ಅಷ್ಟರೊಳಗೆ ಸೇತುವೆಯ ಮೇಲೆ ನೀರು ಬಂದರೆ ಹೊಸಪೇಟೆಯ ಮೇಲೆ ಸುತ್ತಿಕೊಂಡು.